ಜೋರು ಸದ್ದಿನ ನಂತರ ಕಿವಿಯಲ್ಲಿ ಉಳಿದ ಗುಂಯ್: ಮೊದಲ ರಾತ್ರಿಯಿಂದ ಮುಂದಕ್ಕೆ

ಕಾರ್ಯಕ್ರಮ ಮುಗಿಸಿ ಮನೆಗೆ ಬಂದು, ದೀಪ ಆರಿಸಿ ಮಲಗಿದಾಗ ಅದು ಮೊದಲು ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಯಾವುದೋ ಯಂತ್ರ ಆಫ್ ಮಾಡದೆ ಬಿಟ್ಟ ಹಾಗೆ, ಸಣ್ಣಗೆ, ಎಡೆಬಿಡದೆ. ಎದ್ದು ಹೋಗಿ ನೋಡುತ್ತೀರಿ, ಏನೂ ಇಲ್ಲ. ಮನೆಯವರನ್ನು ಎಬ್ಬಿಸಿ ಕೇಳುತ್ತೀರಿ, ಅವರಿಗೆ ಏನೂ ಕೇಳುತ್ತಿಲ್ಲ. ಸದ್ದು ಹೊರಗಿಲ್ಲ, ನನ್ನೊಳಗೇ ಇದೆ ಎಂದು ಹೊಳೆದ ಗಳಿಗೆ ಎದೆ ಧಸಕ್ಕೆನ್ನುತ್ತದೆ.

ಇದಕ್ಕೆ ಕಿವಿಮೊರೆತ, ಇಂಗ್ಲಿಷಿನಲ್ಲಿ ಟಿನ್ನಿಟಸ್, ಎನ್ನುತ್ತಾರೆ. ನನಗೆ ಇದು ಅಂಟಿಕೊಂಡದ್ದು ಸ್ಪೀಕರ್ ಸಾಲಿನ ಎದುರಿಗೇ ಮೂರು ಗಂಟೆ ನಿಂತ ಮೇಲೆ. ಏಳು ವರ್ಷವಾಯಿತು, ಬಲಗಿವಿಯಲ್ಲಿ ಇನ್ನೂ ಇದೆ. ಇದರ ಬಗ್ಗೆ ಬರೆಯಲು ಕೂತದ್ದರಿಂದ ಈಗ ಕೇಳುತ್ತಿದೆ. ಬೆಳಿಗ್ಗೆಯಿಂದ ಇತ್ತೋ ಇಲ್ಲವೋ ಗೊತ್ತಿಲ್ಲ. ನಾನು ಡಾಕ್ಟರಲ್ಲ. ಡಾಕ್ಟರ ಎದುರು, ಕೇಳುವ ಶಕ್ತಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಎದುರು, ಅದಕ್ಕಿಂತ ಹೆಚ್ಚಾಗಿ ರಾತ್ರಿ ಮೂರು ಗಂಟೆಗೆ ಹಾಸಿಗೆಯಲ್ಲಿ ಎದ್ದು ಕೂತು ಕಲಿತದ್ದನ್ನು ವರಸೆಯಾಗಿ ಹೇಳುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅದು ನನಗೆ ಅರ್ಥವಾಗಲು ಐದು ತಿಂಗಳು ಬೇಕಾಯಿತು. ಗದ್ದಲದಿಂದ ಪೆಟ್ಟು ತಿಂದ ಕಿವಿಗೆ ನಿಶ್ಶಬ್ದವೇ ಮದ್ದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಮೊದಲ ಒಂದೆರಡು ದಿನದ ಮಟ್ಟಿಗೆ ಅದರಲ್ಲಿ ಅರ್ಧ ನಿಜವಿದೆ. ಆಮೇಲೆ, ಈ ಗುಂಯ್ ಅನ್ನು ಸಾಕಿ ಬೆಳೆಸಲು ನಿಶ್ಶಬ್ದದಂಥ ಗೊಬ್ಬರ ಇನ್ನೊಂದಿಲ್ಲ.

ಮೊದಲ 48 ಗಂಟೆ

ಜೋರು ಸದ್ದಿನ ನಂತರ ಕಿವಿಗೆ ಹತ್ತಿ ತುರುಕಿದ ಹಾಗೆ ಮಂಕಾಗುವುದು, ಜೊತೆಗೆ ಗುಂಯ್‌ಗುಡುವುದು, ಒಳಗಿವಿಯ ಕೋಶಗಳು ದಣಿದಿವೆ ಎನ್ನುವುದರ ಲಕ್ಷಣ. ಹೆಚ್ಚಿನ ಸಲ ಇದು 16ರಿಂದ 48 ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಮೊದಲ ರಾತ್ರಿಯೇ ಬದುಕು ಮುಗಿಯಿತು ಎಂದುಕೊಳ್ಳಬೇಕಾಗಿಲ್ಲ. ಆದರೆ ಆ ಎರಡು ದಿನ ಕಿವಿಗೆ ಇನ್ನೊಂದು ಪೆಟ್ಟು ಬೀಳಬಾರದು. ಇಯರ್‌ಫೋನ್ ಬೇಡ. ಡ್ರಿಲ್ಲಿಂಗ್, ಗ್ರೈಂಡಿಂಗ್, ಪಟಾಕಿ, ಡಿಜೆ, ಬೈಕಿನಲ್ಲಿ ದೂರದ ಪ್ರಯಾಣ ಯಾವುದೂ ಬೇಡ. ಮರುದಿನವೂ ಅದೇ ಕಾರ್ಯಕ್ರಮಕ್ಕೆ ಟಿಕೆಟ್ ಇದ್ದರೆ ಅದನ್ನು ಬೇರೆಯವರಿಗೆ ಕೊಟ್ಟುಬಿಡಿ.

ಮನೆಯೊಳಗಿನ ಮಾಮೂಲಿ ಸದ್ದು ಇರಲಿ: ಮಾತುಕತೆ, ಫ್ಯಾನು, ಕಿಟಕಿಯಾಚೆಯ ರಸ್ತೆ. ಕಿವಿಗೆ ಇಯರ್‌ಪ್ಲಗ್ ತುರುಕಿಕೊಂಡು ಮಲಗಬೇಡಿ. ಎಣ್ಣೆ, ಹನಿ, ಹೈಡ್ರೋಜನ್ ಪೆರಾಕ್ಸೈಡ್ ಏನನ್ನೂ ಕಿವಿಗೆ ಬಿಡಬೇಡಿ. ಕಿವಿಯ ತಮಟೆ ಹರಿದಿದ್ದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ. ಗುಗ್ಗೆ ತೆಗೆಯುವ ಕಡ್ಡಿಯನ್ನು ಮುಟ್ಟಲೇಬೇಡಿ. ಸಾಧ್ಯವಾದಷ್ಟು ನಿದ್ದೆ ಮಾಡಿ.

ಮನೆಯಲ್ಲೇ ಮಾಡಬಹುದಾದ ಎರಡು ಸಣ್ಣ ಪರೀಕ್ಷೆಗಳಿವೆ. ಫೋನಿನಲ್ಲಿ ಒಂದೇ ವಾಲ್ಯೂಮಿನ ಸದ್ದನ್ನು ಒಂದು ಕಿವಿಗೆ, ಆಮೇಲೆ ಇನ್ನೊಂದಕ್ಕೆ ಹಿಡಿದು ನೋಡಿ. ಒಂದು ಕಡೆ ತೀರ ಕಡಿಮೆ ಕೇಳುತ್ತಿದೆಯೇ? ಹಾಗಿದ್ದರೆ ಬಾಯಿ ಮುಚ್ಚಿಕೊಂಡು ‘ಮ್ಮ್ಮ್’ ಎಂದು ಗುನುಗಿ. ಗುನುಗು ಮಂಕಾದ ಕಿವಿಯ ಕಡೆಗೇ ಜೋರಾಗಿ ಕೇಳಿದರೆ ಅಲ್ಲಿ ಗುಗ್ಗೆಯೋ ನೀರೋ ತಮಟೆಯದೋ ತೊಂದರೆ ಇರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿಯ ಕಡೆಗೆ ವಾಲಿದರೆ ಪೆಟ್ಟು ಒಳಗಿವಿಯ ನರಭಾಗಕ್ಕೆ ಬಿದ್ದಿರಬಹುದು. ಇದು ಡಾಕ್ಟರ ಪರೀಕ್ಷೆಗೆ ಬದಲಿ ಅಲ್ಲ; ಎಷ್ಟು ಬೇಗ ಹೋಗಬೇಕು ಎನ್ನುವುದಕ್ಕೆ ಒಂದು ಸೂಚನೆ, ಅಷ್ಟೇ.

ಕಾಯಬಾರದ ಸಂದರ್ಭಗಳು

ಒಂದು ಕಿವಿಯೋ ಎರಡೂ ಕಿವಿಯೋ ಇದ್ದಕ್ಕಿದ್ದಂತೆ ಕಿವುಡಾಗಿದ್ದರೆ ಅದೇ ದಿನ, ತಪ್ಪಿದರೆ ಮರುದಿನ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಮೂರು ದಿನದೊಳಗೆ ಹಠಾತ್ತನೆ ಆಗುವ ನರಸಂಬಂಧಿ ಕಿವುಡಿಗೆ ಸ್ಟೀರಾಯ್ಡ್ ಕೊಡುವ ರೂಢಿಯಿದೆ. ಅದು ಫಲ ಕೊಡುವುದಾದರೆ ಮೊದಲ ದಿನಗಳಲ್ಲೇ ಕೊಡುತ್ತದೆ. ಎರಡು ವಾರ ದಾಟಿದ ಮೇಲೆ ಅವಕಾಶ ಬಹಳ ಕುಗ್ಗುತ್ತದೆ. ‘ಗುಗ್ಗೆ ಇರಬೇಕು, ನೋಡೋಣ’ ಎಂದು ಹತ್ತು ದಿನ ತಳ್ಳಿದವರು ಆಮೇಲೆ ಪಶ್ಚಾತ್ತಾಪ ಪಡುವುದನ್ನು ನೋಡಿದ್ದೇನೆ. ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳುವಾಗ ‘ಕಿವಿ ಗುಂಯ್ ಅಂತಿದೆ’ ಎನ್ನುವುದಕ್ಕಿಂತ ‘ನಿನ್ನೆಯಿಂದ ಒಂದು ಕಿವಿ ಕೇಳುತ್ತಿಲ್ಲ’ ಎಂದು ಹೇಳಿ. ಮೊದಲನೆಯದಕ್ಕೆ ಮುಂದಿನ ವಾರ ಬನ್ನಿ ಎನ್ನುತ್ತಾರೆ.

ಸ್ಫೋಟದಂಥ ಸದ್ದಿನ ನಂತರ ನೋವು, ರಕ್ತ, ಸೋರುವಿಕೆ ಇದ್ದರೆ, ತಲೆಸುತ್ತಿ ನಿಲ್ಲಲಾಗದಿದ್ದರೆ, ಮುಖದ ಒಂದು ಭಾಗ ಜೋಲುಬಿದ್ದರೆ ಆಗಲೂ ತಡ ಮಾಡಬಾರದು. ನಾಡಿ ಬಡಿತದ ತಾಳಕ್ಕೆ ‘ಧುಸ್ ಧುಸ್’ ಎಂದು ಕೇಳುವ ಸದ್ದು ಬೇರೆ ಜಾತಿಯದು, ಅದಕ್ಕೆ ರಕ್ತನಾಳದ ಕಾರಣ ಇರಬಹುದು, ತಪಾಸಣೆ ಬೇಕು. ಒಂದೇ ಕಿವಿಯಲ್ಲಿ ಉಳಿದುಬಿಟ್ಟ ಸದ್ದಿಗೂ ಡಾಕ್ಟರು ಸ್ಕ್ಯಾನ್ ಹೇಳಬಹುದು. ಅದು ವಾಡಿಕೆಯ ಎಚ್ಚರಿಕೆ, ಹೆದರಬೇಡಿ.

ಇನ್ನೊಂದು. ನಿದ್ದೆಗೆಟ್ಟು ನಿದ್ದೆಗೆಟ್ಟು ‘ಹೀಗೆ ಬದುಕುವುದಕ್ಕಿಂತ ಸಾಯುವುದು ಮೇಲು’ ಎಂಬ ಯೋಚನೆ ಬಂದರೆ ಅದನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ಆ ರಾತ್ರಿಯೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಬೆಳಿಗ್ಗೆ ಡಾಕ್ಟರಿಗೆ ಹೇಳಿ. ಈ ಯೋಚನೆ ಬರುವುದು ಅಪರೂಪವೇನಲ್ಲ, ಮೊದಲ ತಿಂಗಳುಗಳು ಅಷ್ಟು ಕೆಟ್ಟದಾಗಿರುತ್ತವೆ. ಚಿಕಿತ್ಸೆಯಿಂದ ಇದೂ ತಗ್ಗುತ್ತದೆ.

ಒಳಗೆ ಏನಾಗಿದೆ

ಇದನ್ನು ತಿಳಿದುಕೊಳ್ಳುವುದೇ ಅರ್ಧ ಚಿಕಿತ್ಸೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಳಗಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರುದ್ದಕ್ಕೂ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಶಂಖದ ಬಾಯಿಯ ಕಡೆ ನಿಂತವು ತಾರಕದ ಸ್ವರಗಳನ್ನು ಹಿಡಿಯುತ್ತವೆ, ಸುರುಳಿಯ ತುದಿಯಲ್ಲಿರುವವು ಮಂದ್ರವನ್ನು. ಜೋರು ಸದ್ದು ಬಂದಾಗ ಈ ಕೋಶಗಳ ತಲೆಯ ಮೇಲಿನ ಸೂಕ್ಷ್ಮ ರೋಮಗಳು ಬಿರುಗಾಳಿಗೆ ಸಿಕ್ಕ ಪೈರಿನ ಹಾಗೆ ಬಾಗುತ್ತವೆ. ಕೆಲವು ಮತ್ತೆ ನಿಲ್ಲುತ್ತವೆ, ಕೆಲವು ಸಾಯುತ್ತವೆ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ, ಮನುಷ್ಯನಿಗೆ ಆ ಭಾಗ್ಯವಿಲ್ಲ. ಗದ್ದಲದ ಪೆಟ್ಟು ಸಾಮಾನ್ಯವಾಗಿ 3000ದಿಂದ 6000 ಹರ್ಟ್ಜ್ (ಸ್ವರ ಎಷ್ಟು ತಾರಕ ಎನ್ನುವುದರ ಅಳತೆ) ನಡುವೆ, ಅದರಲ್ಲೂ 4000ದ ಆಸುಪಾಸಿನಲ್ಲಿ ಬೀಳುತ್ತದೆ. ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ತೋರಿಸುವ ಆಡಿಯೋಗ್ರಾಂ ಹಾಳೆಯಲ್ಲಿ ಅಲ್ಲೊಂದು ಗುಂಡಿ ಕಾಣುತ್ತದೆ.

ಈಗ ಮಿದುಳಿನ ಸರದಿ. ಆ ಸ್ವರದ ಸುದ್ದಿ ಕಿವಿಯಿಂದ ಬರುವುದು ನಿಂತಿತಲ್ಲ, ಅದು ಸುಮ್ಮನಿರುವುದಿಲ್ಲ. ಹಳೆಯ ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ನಾವು ವಾಲ್ಯೂಮ್ ತಿರುವುತ್ತಿದ್ದೆವು; ಹಾಡು ಬರುತ್ತಿರಲಿಲ್ಲ, ಗೊರಗೊರ ಸದ್ದಷ್ಟೇ ದೊಡ್ಡದಾಗುತ್ತಿತ್ತು. ಮಿದುಳು ಮಾಡುವುದೂ ಅದನ್ನೇ. ಬರದ ಸುದ್ದಿಗೆ ಕಿವಿಗೊಟ್ಟು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ನರಗಳ ತಮ್ಮದೇ ಗೊಣಗು ನಿಮಗೆ ಸಿಳ್ಳೆಯಾಗಿ, ಜೀರುಂಡೆಯಾಗಿ ಕೇಳುತ್ತದೆ. ಸಿಳ್ಳೆಯ ಸ್ವರ ಹೆಚ್ಚಾಗಿ ಆ ಗುಂಡಿ ಇರುವ ಜಾಗದಲ್ಲೇ ಕೂತಿರುತ್ತದೆ.

ಆಡಿಯೋಗ್ರಾಂ ಮಾಡಿಸಿದರೆ ‘ನಾರ್ಮಲ್’ ಎಂದು ಬಂತು, ಯಾರೂ ನಂಬುತ್ತಿಲ್ಲ ಎಂದು ಹಲವರು ಹೇಳುತ್ತಾರೆ. ಮಾಮೂಲಿ ಪರೀಕ್ಷೆ ನೋಡುವುದು 250ರಿಂದ 8000 ಹರ್ಟ್ಜ್‌ವರೆಗೆ ಮಾತ್ರ, ಅದೂ ಕೆಲವೇ ಸ್ವರಗಳಲ್ಲಿ. ಅಲ್ಲದೆ 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಗದ್ದಲದ ನಂತರ ಕೇಳುವ ಶಕ್ತಿ ಪೂರ್ತಿ ಮರಳಿದಂತೆ ಕಂಡರೂ ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ದೊಡ್ಡ ಪ್ರಮಾಣದಲ್ಲಿ ಕಳಚಿಹೋಗಿದ್ದವು. ಹಾಳೆ ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಮ್ಮ ಸದ್ದು ಸುಳ್ಳಾಗುವುದಿಲ್ಲ.

ಇನ್ನು ನಿಶ್ಶಬ್ದದ ವಿಷಯ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿದ್ದ 80 ಜನರನ್ನು ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತಿದೆ ಎಂದು ಬರೆಯಲು ಹೇಳಿದರು. ನೂರಕ್ಕೆ 94 ಜನಕ್ಕೆ ಏನೋ ಒಂದು ಗುಂಯ್, ಒಂದು ಸಿಳ್ಳೆ, ಒಂದು ಮೊರೆತ ಕೇಳಿತು. ಅಂದರೆ ಹೊರಗೆ ಏನೂ ಇಲ್ಲದಾಗ ಒಳಗಿನದು ಕೇಳುವುದು ಬಹುಪಾಲು ಎಲ್ಲರಿಗೂ ಆಗುವಂಥದ್ದು. ಕಿವಿಮೊರೆತ ಇರುವವರು ನಿಶ್ಶಬ್ದವನ್ನು ಹುಡುಕಿಕೊಂಡು ಹೋಗುವುದೆಂದರೆ ಆ ಕೋಣೆಯೊಳಗೆ ತಾವೇ ಹೋಗಿ ಚಿಲಕ ಹಾಕಿಕೊಂಡಂತೆ.

ಅಂದಹಾಗೆ ಇದು ಹೊಸ ಕಾಯಿಲೆಯಲ್ಲ. ಸುಶ್ರುತ ಸಂಹಿತೆ ಎಣಿಸುವ ಕಿವಿಯ 28 ರೋಗಗಳಲ್ಲಿ ಕರ್ಣನಾದವೂ ಇದೆ. ತನ್ನ ಕಿವಿಗಳು ಹಗಲೂ ರಾತ್ರಿ ಮೊರೆಯುತ್ತಿವೆ ಎಂದು ಬೀಥೋವನ್ 1801ರಲ್ಲಿ ಗೆಳೆಯನಿಗೆ ಪತ್ರ ಬರೆದಿದ್ದ.

ತಪಾಸಣೆಗೆ ಹೋಗುವಾಗ

ಒಂದು ವಾರ ಕಳೆದರೂ ಸದ್ದು ಹೋಗಿಲ್ಲವಾದರೆ ಇಎನ್‌ಟಿ ಡಾಕ್ಟರು, ಆಮೇಲೆ ಆಡಿಯಾಲಜಿಸ್ಟ್, ಇಬ್ಬರನ್ನೂ ಕಾಣಿ. ಯಾವ ಸದ್ದು, ಎಷ್ಟು ಹೊತ್ತು, ಯಾವ ಕಿವಿ ಹತ್ತಿರವಿತ್ತು ಎಂದು ಬರೆದುಕೊಂಡು ಹೋಗಿ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ. ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್‌ಗಳು, ಕ್ವಿನೈನ್, ಫ್ಯೂರೋಸೆಮೈಡ್, ಕ್ಯಾನ್ಸರ್‌ಗೆ ಕೊಡುವ ಸಿಸ್ಪ್ಲಾಟಿನ್ ಇವೆಲ್ಲ ಕಿವಿಗೆ ತೊಂದರೆ ಕೊಡಬಲ್ಲವು. ಹಾಗೆಂದು ನೀವೇ ಯಾವುದನ್ನೂ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

‘ಇದಕ್ಕೆ ಏನೂ ಮಾಡಕ್ಕಾಗಲ್ಲ, ಅಭ್ಯಾಸ ಮಾಡಿಕೊಳ್ಳಿ’ ಎಂದು ಎರಡು ನಿಮಿಷದಲ್ಲಿ ಕಳಿಸಿಬಿಡುವ ಡಾಕ್ಟರು ಸಿಗುತ್ತಾರೆ. ನನಗೂ ಒಬ್ಬರು ಸಿಕ್ಕಿದ್ದರು. ಆ ಮಾತಿನ ಎರಡನೇ ಅರ್ಧ ಸರಿ, ಮೊದಲ ಅರ್ಧ ತಪ್ಪು. ಅಭ್ಯಾಸ ಮಾಡಿಕೊಳ್ಳುವುದಕ್ಕೇ ದಾರಿಗಳಿವೆ, ಅದನ್ನು ಹೇಳಿಕೊಡುವವರನ್ನು ಹುಡುಕಬೇಕು.

ಕೇಳುವ ಶಕ್ತಿ ಸ್ವಲ್ಪ ಕುಂದಿದೆ ಎಂದು ಗೊತ್ತಾದರೆ ಶ್ರವಣ ಸಾಧನದ ಮಾತನ್ನು ತಳ್ಳಿಹಾಕಬೇಡಿ. ‘ನನಗಿನ್ನೂ ವಯಸ್ಸಾಗಿಲ್ಲ’ ಎಂಬ ಬಿಗುಮಾನ ಇಲ್ಲಿ ಕೆಲಸಕ್ಕೆ ಬಾರದು. ಮಿದುಳಿಗೆ ತಲುಪದಿದ್ದ ಸ್ವರಗಳನ್ನು ಅದು ಮತ್ತೆ ತಲುಪಿಸುವುದರಿಂದ ಎಷ್ಟೋ ಜನಕ್ಕೆ ಗುಂಯ್ ಹಿಂದಕ್ಕೆ ಸರಿಯುತ್ತದೆ.

ಹಗಲಿಗೊಂದು ಹಿನ್ನೆಲೆ ಸದ್ದು

ಈಗ ಮುಖ್ಯವಾದ ಕೆಲಸ. ಕತ್ತಲೆ ಕೋಣೆಯಲ್ಲಿ ಒಂದು ಮೇಣದ ಬತ್ತಿ ಕಣ್ಣು ಕುಕ್ಕುತ್ತದೆ, ಅದೇ ಬತ್ತಿ ಹಗಲಿನಲ್ಲಿ ಉರಿದರೆ ಗಮನಕ್ಕೂ ಬರುವುದಿಲ್ಲ. ಕಿವಿಗೂ ಹಗಲು ಮಾಡಿಕೊಡಬೇಕು. ಮಳೆ, ತೊರೆ, ಸಮುದ್ರದ ಅಲೆ, ಫ್ಯಾನು, ರೇಡಿಯೋದ ಹುಸ್ ಎನ್ನುವ ವೈಟ್ ನಾಯ್ಸ್, ಅದಕ್ಕಿಂತ ಮೆತ್ತಗಿನ ಪಿಂಕ್ ನಾಯ್ಸ್, ಯಾವುದು ನಿಮಗೆ ಒಗ್ಗುತ್ತದೋ ಅದು. ಸೂತ್ರ ಒಂದೇ: ಆ ಸದ್ದು ಏನನ್ನೂ ಹೇಳಬಾರದು. ಸುದ್ದಿ ಚಾನೆಲ್ ಹಾಕಿಕೊಂಡರೆ ಮನಸ್ಸು ಅದರ ಹಿಂದೆ ಓಡುತ್ತದೆ, ಹಾಡಾದರೆ ಸಾಹಿತ್ಯದ ಹಿಂದೆ. ಮಳೆ ಯಾರನ್ನೂ ಏನೂ ಕೇಳುವುದಿಲ್ಲ.

ವಾಲ್ಯೂಮಿನಲ್ಲೇ ಎಲ್ಲರೂ ತಪ್ಪುವುದು. ಗುಂಯ್ ಪೂರ್ತಿ ಮುಳುಗುವವರೆಗೆ ಮಳೆಯ ಸದ್ದು ಏರಿಸಬೇಡಿ. ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ ಬನ್ನಿ. ಎರಡೂ ಒಂದಕ್ಕೊಂದು ಬೆರೆಯತೊಡಗಿದವು, ಆದರೂ ಗುಂಯ್ ಇನ್ನೂ ಸಣ್ಣಗೆ ಕೇಳುತ್ತಿದೆ ಎನ್ನಿಸುವ ಜಾಗದಲ್ಲಿ, ಅದಕ್ಕಿಂತ ಒಂದು ಕೂದಲೆಳೆ ಕೆಳಗೆ, ನಿಲ್ಲಿಸಿ. ಏಕೆಂದರೆ ಕೇಳಿಸದೇ ಇರುವುದಕ್ಕೆ ಮಿದುಳು ಒಗ್ಗಿಕೊಳ್ಳಲಾರದು. ಗುಂಯ್ ಕೇಳುತ್ತಲೇ ಇರಬೇಕು, ಅದರಿಂದ ಏನೂ ಆಗುತ್ತಿಲ್ಲ ಎನ್ನುವುದು ಮಿದುಳಿಗೆ ಗಟ್ಟಿಯಾಗಬೇಕು. 1990ರಲ್ಲಿ ಪಾವೆಲ್ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ ಮಂಡಿಸಿದ ಮಾದರಿ ಇದೇ ಎಳೆಯನ್ನು ಹಿಡಿದು ಹೊರಟದ್ದು: ಸದ್ದು ಹುಟ್ಟುವುದು ಕೇಳುವ ಹಾದಿಯಲ್ಲಾದರೂ ಕಾಟ ಹುಟ್ಟುವುದು ಮಿದುಳಿನ ಭಯದ ಮನೆಯಲ್ಲಿ. ಅದರ ಮೇಲೆ ಕಟ್ಟಿದ ಚಿಕಿತ್ಸೆಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಹಿಡಿಯುತ್ತದೆ. ಒಂದು ವಾರ ಮಳೆ ಕೇಳಿ ಏನೂ ಆಗಲಿಲ್ಲ ಎಂದು ಬಿಡಬೇಡಿ.

ಇಯರ್‌ಫೋನ್‌ಗಿಂತ ಕೋಣೆಯಲ್ಲಿಟ್ಟ ಸಣ್ಣ ಸ್ಪೀಕರ್ ವಾಸಿ. ಹೊರಗಿನ ಗದ್ದಲ ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಸ್ಸಿನಲ್ಲೋ ವಿಮಾನದಲ್ಲೋ ಒಳ್ಳೆಯದೇ, ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಆದರೆ ಅದನ್ನು ಹಾಕಿಕೊಂಡು ಏನನ್ನೂ ಕೇಳದೆ ಕೂತರೆ ಮತ್ತೆ ಅದೇ ಚಿಲಕ ಹಾಕಿದ ಕೋಣೆ.

ರಾತ್ರಿ

ರಾತ್ರಿಯೇ ನಿಜವಾದ ಕದನ. ಮಲಗುವ ಕೋಣೆಯಲ್ಲಿ ಹಿನ್ನೆಲೆ ಸದ್ದು ಬೆಳಗಿನವರೆಗೂ ಓಡಲಿ. ಟೈಮರ್ ಇಟ್ಟು ಒಂದು ಗಂಟೆಗೆ ನಿಲ್ಲಿಸಿದರೆ ನಡುರಾತ್ರಿ ಎಚ್ಚರವಾದಾಗ ಎದುರಿಗೆ ಗುಂಯ್ ಒಂದೇ ನಿಂತಿರುತ್ತದೆ. ಪಕ್ಕದಲ್ಲಿ ಮಲಗುವವರಿಗೆ ತೊಂದರೆಯಾದರೆ ದಿಂಬಿನಡಿ ಇಡುವ ತೆಳ್ಳನೆಯ ಸ್ಪೀಕರ್‌ಗಳಿವೆ.

ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಏಳಿ. ಮಂದ ಬೆಳಕಿನಲ್ಲಿ ಬೇಸರ ತರುವಂಥ ಏನನ್ನಾದರೂ ಓದಿ, ಬಟ್ಟೆ ಮಡಚಿ, ಕಣ್ಣು ಭಾರವಾದಾಗ ಮತ್ತೆ ಮಲಗಿ. ಹಾಸಿಗೆ ಎಂದರೆ ಗುಂಯ್ ಕೇಳುವ ಜಾಗ ಎಂದು ದೇಹ ಕಲಿತುಬಿಡಬಾರದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗದಿರಲಿ. ಎರಡು ಗಂಟೆ ರಾತ್ರಿಯಲ್ಲಿ ಫೋನ್ ತೆಗೆದು ‘ಕಿವಿಮೊರೆತ ಗುಣವಾಗುತ್ತದೆಯೇ’ ಎಂದು ಹುಡುಕಬೇಡಿ. ಗುಣವಾದವರು ಆ ಹೊತ್ತಿನಲ್ಲಿ ಮಲಗಿರುತ್ತಾರೆ, ಬರೆಯುತ್ತಿರುವುದಿಲ್ಲ.

ನಿದ್ದೆ ಮಾತ್ರೆ ಬೇಕೇ ಎನ್ನುವುದನ್ನು ಡಾಕ್ಟರ ಜೊತೆ ಮಾತಾಡಿ. ಕೆಲವು ದಿನದ ಆಸರೆಗೆ ಅದು ಸರಿ ಇರಬಹುದು, ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಗಮನ ಎಂಬ ಬೆಂಕಿಗೆ ಸೌದೆ ಹಾಕದಿರುವುದು

ಕಿವಿಮೊರೆತದ ಜೋರನ್ನು ಯಂತ್ರದಲ್ಲಿ ಅಳೆಯುತ್ತಾರೆ. ನಿಮ್ಮ ಗುಂಯ್‌ಗೆ ಸಮನಾದ ಸದ್ದನ್ನು ಹುಡುಕುತ್ತ ಹೋಗುತ್ತಾರೆ. ಹೆಚ್ಚಿನವರಲ್ಲಿ ಅದು, ಆ ಸ್ವರದಲ್ಲಿ ಅವರಿಗೆ ಕೇಳುವ ಅತಿ ಸಣ್ಣ ಸದ್ದಿಗಿಂತ 10 ಡೆಸಿಬಲ್‌ನಷ್ಟೂ (ಡೆಸಿಬಲ್ ಎಂದರೆ ಸದ್ದಿನ ಜೋರಿನ ಅಳತೆ) ಮೇಲಿರುವುದಿಲ್ಲ. ನನ್ನ ತಲೆಯೊಳಗೆ ಕಾರ್ಖಾನೆಯ ಸೈರನ್ ಇದೆ ಎಂದುಕೊಂಡಿದ್ದ ನನಗೆ ಆಡಿಯಾಲಜಿಸ್ಟ್ ತೋರಿಸಿದ ಅಂಕಿ ಆರು. ನನಗೆ ಸಿಟ್ಟು ಬಂತು, ಯಂತ್ರ ಕೆಟ್ಟಿದೆ ಎಂದೆ. ಯಂತ್ರ ಕೆಟ್ಟಿರಲಿಲ್ಲ. ಅಳತೆಯಲ್ಲಿ ಒಂದೇ ಜೋರಿನ ಸದ್ದು ಇರುವ ಇಬ್ಬರಲ್ಲಿ ಒಬ್ಬರು ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರುತ್ತಾರೆ, ಇನ್ನೊಬ್ಬರು ನೌಕರಿಗೆ ರಜೆ ಹಾಕಿ ಮನೆಯಲ್ಲಿ ಕೂತಿರುತ್ತಾರೆ. ಆ ವ್ಯತ್ಯಾಸ ಕಿವಿಯಲ್ಲಿಲ್ಲ.

ಹಾಗಾಗಿಯೇ ಕಿವಿಮೊರೆತದ ಕಾಟ ತಗ್ಗಿಸಲು ಹೆಚ್ಚು ಪುರಾವೆ ಇರುವುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ, ಸಿಬಿಟಿ ಎನ್ನುತ್ತಾರೆ; ಯೋಚನೆಯ, ನಡವಳಿಕೆಯ ರೂಢಿಗಳನ್ನು ಬದಲಿಸುವ ಮಾತಿನ ಚಿಕಿತ್ಸೆ. ಸದ್ದು ಕಡಿಮೆಯಾಗುತ್ತದೆಂದು ಅದು ಹೇಳುವುದಿಲ್ಲ, ಅದರಿಂದಾಗುವ ಸಂಕಟ ಕಡಿಮೆಯಾಗುತ್ತದೆ. ಇದರಲ್ಲಿ ತರಬೇತಿ ಇರುವ ಮನಶ್ಶಾಸ್ತ್ರಜ್ಞರು ಸಿಕ್ಕರೆ ಹೋಗಿ. ‘ನನಗೇನು ಹುಚ್ಚೇ’ ಎಂದು ಕೇಳಿದವನು ನಾನು, ಆಮೇಲೆ ಹೋದವನೂ ನಾನೇ. ಅಲ್ಲಿಂದ ಮನೆಗೆ ತಂದ ಮೂರು ರೂಢಿಗಳನ್ನು ಹೇಳುತ್ತೇನೆ.

ಮೊದಲನೆಯದು, ತಡಕಾಡುವುದನ್ನು ಬಿಡುವುದು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಗಂಟೆಗೆ ಹತ್ತು ಸಲ ‘ಇದೆಯಾ?’ ಎಂದು ಹೋಗಿ ನೋಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನೋಡುವುದು, ಬಾತ್‌ರೂಮಿನ ಬಾಗಿಲು ಹಾಕಿದ ಕೂಡಲೇ ನೋಡುವುದು, ಕಿವಿಗೆ ಬೆರಳಿಟ್ಟು ನೋಡುವುದು. ಎಣಿಸಿ ನೋಡಿ, ಒಂದು ದಿನಕ್ಕೆ ಎಷ್ಟು ಸಲ ನೋಡುತ್ತೀರಿ ಎಂದು ಗೆರೆ ಎಳೆಯಿರಿ. ಎಣಿಸತೊಡಗಿದರೆ ಸಾಕು, ತಾನಾಗಿ ಇಳಿಯುತ್ತದೆ.

ಎರಡನೆಯದು, ಯೋಚನೆಯನ್ನು ಕಾಗದದ ಮೇಲೆ ಹಿಡಿಯುವುದು. ‘ಇದು ಹೀಗೇ ಜೋರಾಗುತ್ತ ಹೋಗುತ್ತದೆ’ ಎಂದು ಬರೆದುಕೊಂಡೆ. ಕೆಳಗೆ: ಕಳೆದ ತಿಂಗಳಿಗಿಂತ ಜೋರಾಗಿದೆಯೇ? ಇಲ್ಲ. ನಿನ್ನೆ ಸಂಜೆ ಮಕ್ಕಳ ಜೊತೆ ಆಡುವಾಗ ಇತ್ತೇ? ಗೊತ್ತಾಗಲಿಲ್ಲ. ಬರೆಯದೆ ತಲೆಯಲ್ಲೇ ವಾದಿಸಿದರೆ ಯಾವಾಗಲೂ ಭಯವೇ ಗೆಲ್ಲುತ್ತದೆ, ಏಕೆಂದರೆ ಅದಕ್ಕೆ ಸುಸ್ತಾಗುವುದಿಲ್ಲ.

ಮೂರನೆಯದು, ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು. ಓದು, ವಾಕಿಂಗ್, ಗೆಳೆಯರ ಮನೆ. ‘ಗುಂಯ್ ಹೋದ ಮೇಲೆ ಮಾಡುತ್ತೇನೆ’ ಎಂದು ಕೂತರೆ ಗುಂಯ್‌ಗೆ ಕಿವಿಗೊಡಲು ಇಡೀ ದಿನ ಸಿಗುತ್ತದೆ.

ಮನೆಯವರಿಗೂ ಒಂದು ಮಾತು ಹೇಳಿಡಿ. ದಿನಾ ಬೆಳಿಗ್ಗೆ ‘ಇವತ್ತು ಹೇಗಿದೆ ಕಿವಿ?’ ಎಂದು ಕೇಳುವುದು ಪ್ರೀತಿಯಿಂದಲೇ, ಆದರೆ ಮರೆತವರಿಗೆ ನೆನಪಿಸಿದಂತಾಗುತ್ತದೆ. ಬೇಕಾದಾಗ ನಾನೇ ಹೇಳುತ್ತೇನೆ ಎಂದುಬಿಡಿ.

ಕಿವಿ ಕಾಯುವ ಲೆಕ್ಕ

ಪೆಟ್ಟು ತಿಂದ ಮೇಲೆ ಎರಡು ಅತಿರೇಕಗಳಿವೆ. ಒಂದು, ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಪೀಕರ್ ಮುಂದೆ ನಿಲ್ಲುವುದು. ಇನ್ನೊಂದು, ತಟ್ಟೆ ಲೋಟದ ಸದ್ದಿಗೂ ಹೆದರಿ ಇಡೀ ದಿನ ಇಯರ್‌ಪ್ಲಗ್ ಹಾಕಿಕೊಂಡಿರುವುದು. ನಾನು ಎರಡನೆಯದಕ್ಕೆ ಬಿದ್ದೆ. ಐದು ತಿಂಗಳು ಪ್ಲಗ್ ಹಾಕಿಕೊಂಡೇ ಅಡುಗೆಮನೆಗೆ ಹೋಗುತ್ತಿದ್ದೆ. ಕೊನೆಗೆ ಪೇಪರ್ ಮಡಚುವ ಸದ್ದೂ ಚುಚ್ಚತೊಡಗಿತು. ಕಿವಿಗೆ ಬೀಳುವ ಸದ್ದನ್ನು ಕಡಿತ ಮಾಡಿದಷ್ಟೂ ಮಿದುಳು ವಾಲ್ಯೂಮ್ ಏರಿಸುತ್ತದೆ. ಕಿವಿ ಚೆನ್ನಾಗಿರುವವರೇ ಒಂದು ವಾರ ಪ್ಲಗ್ ಹಾಕಿಕೊಂಡಿದ್ದಾಗ ಹಲವರಿಗೆ ಇಲ್ಲದ ಸದ್ದು ಕೇಳತೊಡಗಿತೆಂದೂ, ತೆಗೆದ ಮೇಲೆ ಹೋಯಿತೆಂದೂ ಪ್ರಯೋಗಗಳು ತೋರಿಸಿವೆ. ಹಾಗಾಗಿ ಮಾಮೂಲಿ ಸದ್ದಿಗೆ ಪ್ಲಗ್ ಬೇಡ. ಈಗಾಗಲೇ ಅಭ್ಯಾಸವಾಗಿದ್ದರೆ ದಿನಕ್ಕೆ ಅರ್ಧ ಗಂಟೆಯಂತೆ ಕಡಿಮೆ ಮಾಡುತ್ತ ಬನ್ನಿ.

ನಿಜವಾದ ಗದ್ದಲಕ್ಕೆ ಮಾತ್ರ ಪ್ಲಗ್ ಬೇಕೇ ಬೇಕು. ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಇರಬಹುದಾದ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 100ಕ್ಕೆ ಬರೀ 15 ನಿಮಿಷ. ದೊಡ್ಡ ಸ್ಪೀಕರ್ ಮುಂದೆ 100 ದಾಟುವುದು ಏನೇನೂ ಕಷ್ಟವಲ್ಲ. ನಾನು ಮೂರು ಗಂಟೆ ನಿಂತಿದ್ದೆ ಎಂದೆನಲ್ಲ, ನೀವೇ ಲೆಕ್ಕ ಹಾಕಿ. ಮೀಟರ್ ಇಲ್ಲದಿದ್ದರೆ ಒಂದು ಗುರುತು: ಒಂದು ತೋಳಿನಷ್ಟು ದೂರ ಇರುವವರ ಜೊತೆ ಕೂಗಿ ಮಾತಾಡಬೇಕಾದರೆ ಅಲ್ಲಿ ಪ್ಲಗ್ ಬೇಕು.

ದೂರವೂ ಒಂದು ಮದ್ದು. ಬಯಲಿನಲ್ಲಿ ಸ್ಪೀಕರ್‌ನಿಂದ ಇರುವ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಅಂದರೆ ಹೊತ್ತು ನಾಲ್ಕು ಪಟ್ಟು ಸಿಕ್ಕಂತೆ. ಹತ್ತಿ ತುರುಕುವುದು ಸಮಾಧಾನಕ್ಕಷ್ಟೇ, ಅದು ಹೆಚ್ಚೇನೂ ತಡೆಯುವುದಿಲ್ಲ. ಸ್ಪಂಜಿನ ಪ್ಲಗ್ ಅನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿಹಿಡಿಯಬೇಕು. ಹೊರಗೆ ಅರ್ಧಕ್ಕರ್ಧ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ. ಸಂಗೀತ ನುಡಿಸುವವರಿಗೆ ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುವ ಬೇರೆ ಪ್ಲಗ್‌ಗಳಿವೆ, ಅವರು ಅವನ್ನೇ ಕೊಳ್ಳುವುದು ಮೇಲು. ಇಯರ್‌ಫೋನ್ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾತು, ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದು ಎಂದು. ಹೆಚ್ಚಿನ ಫೋನ್‌ಗಳಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೆಟ್ಟಿಂಗ್ ಇದೆ.

ಮಾತ್ರೆ, ಪುಡಿ, ಯಂತ್ರ

ಇಲ್ಲಿ ಹೇಳುವುದು ಕಡಿಮೆ. ಕಿವಿಮೊರೆತವನ್ನು ಗುಣಪಡಿಸುವ ಮಾತ್ರೆ ಇಲ್ಲ. ಗಿಂಕ್ಗೊ ಬಿಲೋಬಾ, ಸತು, ಮೆಲಟೋನಿನ್ ಇವನ್ನು ಕಿವಿಮೊರೆತಕ್ಕೆಂದು ಕೊಡಬೇಡಿ ಎಂದು ಅಮೆರಿಕದ ಇಎನ್‌ಟಿ ಅಕಾಡೆಮಿಯ 2014ರ ಮಾರ್ಗಸೂಚಿ ಹೇಳಿದೆ. ಕಿವಿಯಲ್ಲಿ ಮೇಣದ ಕೊಳವೆ ಉರಿಸುವುದರಿಂದ ಸುಟ್ಟ ಗಾಯವಾದದ್ದುಂಟು, ಲಾಭವಿಲ್ಲ. ನಾಲಿಗೆಗೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತ ಕಿವಿಗೆ ಸದ್ದು ಕೇಳಿಸುವ ಲೆನೈರ್ ಎಂಬ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಅನುಮತಿ ಕೊಟ್ಟಿದೆ. ಕೆಲವರಿಗೆ ಸಂಕಟ ತಗ್ಗಿಸುತ್ತದೆ, ಸದ್ದನ್ನು ಅಳಿಸುವುದಿಲ್ಲ. ‘ಏಳು ದಿನದಲ್ಲಿ ಗ್ಯಾರಂಟಿ’ ಎಂದು ಬರೆದಿರುವ ಯಾವುದಕ್ಕೂ ದುಡ್ಡು ಕೊಡಬೇಡಿ. ಕಾಫಿ ಬಿಡಬೇಕೆಂದೂ ಇಲ್ಲ, ರೂಢಿ ಇದ್ದವರು ದಿಢೀರನೆ ಬಿಟ್ಟರೆ ತಲೆನೋವು ಬಂದು ನಿದ್ದೆಗೆಟ್ಟು ಗುಂಯ್ ಇನ್ನಷ್ಟು ಕೇಳುತ್ತದೆ.

ಹಲ್ಲು ಕಚ್ಚಿದಾಗ, ಕತ್ತು ತಿರುಗಿಸಿದಾಗ ಸದ್ದಿನ ಸ್ವರ ಬದಲಾಗುತ್ತದೆಯೇ? ಎಷ್ಟೋ ಜನಕ್ಕೆ ಆಗುತ್ತದೆ. ದವಡೆ, ಕತ್ತಿನ ನರಗಳಿಗೂ ಕೇಳುವ ಹಾದಿಗೂ ಮಿದುಳಿನ ಕಾಂಡದಲ್ಲಿ ನಂಟಿದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ದಂತವೈದ್ಯರಿಗೆ ತೋರಿಸಿ. ಹೌದಾ ಅಂತ ದಿನಾ ಹಲ್ಲು ಕಚ್ಚಿ ನೋಡುವುದು ಬೇಡ, ಅದೂ ತಡಕಾಟವೇ.

ಮತ್ತೆ ಜೋರಾದ ದಿನ

ಆಗುತ್ತದೆ. ನಾಲ್ಕು ತಿಂಗಳು ಚೆನ್ನಾಗಿದ್ದು ಒಂದು ಮಂಗಳವಾರ ಬೆಳಿಗ್ಗೆ ಕಾರಣವಿಲ್ಲದೆ ಹಳೆಯ ಜೋರಿನಲ್ಲಿ ವಾಪಸ್ಸು ಬರುತ್ತದೆ. ನಿದ್ದೆ ಕಡಿಮೆಯಾದದ್ದು, ಶೀತ, ಕಚೇರಿಯ ತಲೆಬಿಸಿ ಏನಾದರೂ ಇರಬಹುದು, ಇಲ್ಲದಿರಬಹುದು. ಕಾರಣ ಹುಡುಕಲು ಕೂರಬೇಡಿ. ಹಿನ್ನೆಲೆ ಸದ್ದು ಹಾಕಿ, ಅವತ್ತಿನ ಕೆಲಸ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಿ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಇಳಿಯುತ್ತದೆ. ಕೇಳುವ ಶಕ್ತಿಯೂ ಜೊತೆಗೆ ಇಳಿದಿದ್ದರೆ ಮಾತ್ರ ಡಾಕ್ಟರ ಹತ್ತಿರ ಓಡಿ.

ಸುಧಾರಣೆ ದಿನದಿಂದ ದಿನಕ್ಕೆ ಕಾಣುವುದಿಲ್ಲ, ತಿಂಗಳಿಂದ ತಿಂಗಳಿಗೆ ಕಾಣುತ್ತದೆ. ಅದಕ್ಕೊಂದು ಅಳತೆ ಬೇಕು. ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ ಹಾಳೆಯನ್ನು ಆಡಿಯಾಲಜಿಸ್ಟ್ ಹತ್ತಿರ ಕೇಳಿ ತನ್ನಿ. ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ ಸೊನ್ನೆ; ಒಟ್ಟು ನೂರಕ್ಕೆ. 16ರೊಳಗಿದ್ದರೆ ಕಾಟ ಇಲ್ಲದಷ್ಟೇ, 58 ಮುಟ್ಟಿದರೆ ತೀವ್ರ. ತಿಂಗಳಿಗೆ ಒಂದೇ ಸಲ ತುಂಬಿ, ಹಳೆಯ ಅಂಕಿ ನೋಡದೆ ತುಂಬಿ, ಡ್ರಾಯರಿನಲ್ಲಿಡಿ. ನನ್ನ ಮೊದಲ ಹಾಳೆಯಲ್ಲಿ 72 ಇತ್ತು, ಆರನೆಯದರಲ್ಲಿ 54, ಹನ್ನೆರಡನೆಯದರಲ್ಲಿ 26. ಹದಿನಾರನೇ ತಿಂಗಳಿನ ಹಾಳೆ ತುಂಬಲು ಮರೆತೇಹೋಯಿತು. ಅದು ಗೊತ್ತಾದದ್ದು ಮತ್ತೆರಡು ತಿಂಗಳ ಮೇಲೆ, ಡ್ರಾಯರಿನಲ್ಲಿ ಬೇರೇನನ್ನೋ ಹುಡುಕುವಾಗ.